ಡಾಂಬರಿಗೂ ಕಾಡುದಾರಿಗೂ ಒಂದೇ ಸೈಕಲ್: ಬೇಗ ಹಾಳಾಗದ ಟೈರ್ ಯಾವುದು?

ನಾಮದಚಿಲುಮೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ನನ್ನದು 27.5 ಇಂಚಿನ ಚಕ್ರಗಳ ಮೌಂಟನ್ ಬೈಕ್. ಸೋಮವಾರದಿಂದ ಶನಿವಾರದವರೆಗೆ ಕೆಲಸಕ್ಕೆ ಹೋಗಿಬರಲು ದಿನಕ್ಕೆ 22 ಕಿಲೋಮೀಟರ್, ಅಷ್ಟೂ ಡಾಂಬರು. ಭಾನುವಾರ ಬೆಳಗಾಗುವ ಮುನ್ನವೇ ದೇವರಾಯನದುರ್ಗದ ಕಡೆಗೆ ಹೊರಡುತ್ತೇನೆ. ಅಲ್ಲಿ ಊರುಗಳ ನಡುವಿನ ಮಣ್ಣುರಸ್ತೆ, ಕಲ್ಲುಪುಡಿಯ ಇಳಿಜಾರು, ಮುಳ್ಳುಕಂಟಿ ಎಲ್ಲವೂ ಸಿಗುತ್ತವೆ.

ಸೈಕಲ್‌ನೊಂದಿಗೆ ಬಂದ 2.1 ಇಂಚಿನ ಬಟನ್ ಟೈರ್‌ಗಳು (ಮೈಮೇಲೆ ರಬ್ಬರಿನ ಬಿಡಿ ಉಬ್ಬುಗಳಿರುವವು) ಹದಿನಾಲ್ಕು ತಿಂಗಳಲ್ಲಿ ಮುಗಿದಿವೆ. ಹಿಂದಿನ ಟೈರಿನ ನಡುಭಾಗ ಬೋಳಾಗಿದೆ. ಈ ಅವಧಿಯಲ್ಲಿ ಹನ್ನೊಂದು ಸಲ ಪಂಕ್ಚರ್ ಆಗಿದೆ. ಎರಡು ಸಲ ಕೆಲಸಕ್ಕೆ ತಡವಾಗಿ ಹೋಗಿ ಮಾತು ಕೇಳಿದ್ದೇನೆ. ಎರಡು ಟೈರ್‌ಗೂ ಸೇರಿ ಐದು ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಆ ಹಣ ನೀರುಪಾಲಾಗಬಾರದು. ಅತ್ಯಂತ ಗಟ್ಟಿಯಾದ ಟೈರ್ ಯಾವುದೆಂದು ಬಲ್ಲವರು ಹೇಳಿ.

ತುರಹಳ್ಳಿ_ತಿರುವು (ಬೆಂಗಳೂರು)

ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರ್ ನೋಡಿ. ತಳದೊಳಗೆ ಐದು ಮಿಲಿಮೀಟರ್ ದಪ್ಪದ ರಬ್ಬರ್ ಪದರ ಇರುತ್ತದೆ. ಮುಳ್ಳು ಅದನ್ನು ದಾಟಿ ಟ್ಯೂಬ್ ಮುಟ್ಟುವುದು ಬಹಳ ಅಪರೂಪ. ತೂಕ ಮಾತ್ರ ಹೆಚ್ಚು. ಅದರ ಮೌಂಟನ್ ಬೈಕ್ ಮಾದರಿಯಲ್ಲಿ ಒಂದೊಂದು ಟೈರ್ ಕಿಲೋ ದಾಟುತ್ತದೆ.

ಹಳೇಪಂಪು (ಮೈಸೂರು)

ನಾಮದಚಿಲುಮೆ ಅವರೇ, ಮೂವತ್ತು ವರ್ಷದಿಂದ ಸೈಕಲ್ ರಿಪೇರಿಯ ಕೆಲಸದಲ್ಲಿದ್ದೇನೆ. ನನ್ನ ಮಾತು ಕೇಳುವುದಾದರೆ ಹೊಸ ಟೈರಿನ ಹೆಸರನ್ನು ಸ್ವಲ್ಪ ಬದಿಗಿಡಿ. ಹಳೆಯ ಟೈರನ್ನು ಎಸೆದಿಲ್ಲವಷ್ಟೆ? ಅದನ್ನು ತೊಳೆದು, ರಿಮ್‌ನಿಂದ ಬಿಚ್ಚಿ, ಒಳಹೊರಗೆ ತಿರುವಿ ಬೆಳಕಿಗೆ ಹಿಡಿದು ನೋಡಿ. ನಿಮ್ಮ ದಾರಿಯ ಗುಣ, ನಿಮ್ಮ ಬ್ರೇಕ್ ಹಿಡಿಯುವ ರೀತಿ, ಗಾಳಿ ಹೊಡೆಸುವ ಅಭ್ಯಾಸ ಎಲ್ಲವನ್ನೂ ಅದು ಹೇಳುತ್ತದೆ.

ಟೈರಿಗೆ ಬಗೆಬಗೆಯ ಸಾವು. ನಡುವಿನ ಬಟನ್‌ಗಳು ಸವೆದು ಮಟ್ಟಸವಾಗಿದ್ದರೆ ಅದು ಡಾಂಬರಿನ ಸವೆತ. ಸೈಡ್‌ವಾಲ್‌ನಲ್ಲಿ, ಅಂದರೆ ಟೈರಿನ ಪಕ್ಕದ ಮೈಯಲ್ಲಿ, ಬ್ಲೇಡು ಎಳೆದಂತೆ ಸೀಳಿದ್ದರೆ ಅದು ಕಲ್ಲಿನ ಕೆಲಸ. ಅಲ್ಲೇ ಸುತ್ತಲೂ ಕೂದಲೆಳೆಯಂಥ ಬಿರುಕುಗಳಿದ್ದರೆ ಬಿಸಿಲು ಮತ್ತು ಕಡಿಮೆ ಗಾಳಿ ಕಾರಣ. ಬಟನ್‌ಗಳ ಒಂದಂಚು ಮಾತ್ರ ದುಂಡಾಗಿ ಇನ್ನೊಂದಂಚು ಚೂಪಾಗಿ ಉಳಿದಿದ್ದರೆ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಚಕ್ರವನ್ನು ಎಳೆದಾಡಿಸುತ್ತಿರಬಹುದು. ಕಲ್ಲುಪುಡಿಯ ಮೇಲೆ ಒಮ್ಮೆ ಹಾಗೆ ಎಳೆದರೆ ಹಲವು ದಿನಗಳ ರಬ್ಬರ್ ಅಲ್ಲೇ ಉದುರುತ್ತದೆ.

ಒಂದೊಂದು ಬಗೆಗೂ ಬೇರೆ ಬೇರೆ ಟೈರ್ ಬೇಕು. ನಡು ಸವೆಯುವವನಿಗೆ ಸೈಡ್‌ವಾಲ್ ಗಟ್ಟಿಯಾದ ಟೈರ್ ಕೊಟ್ಟರೆ ಅವನ ದುಡ್ಡು ದಂಡ. ಹಾಗೆಯೇ ಮ್ಯಾರಥಾನ್ ಪ್ಲಸ್ ಒಳ್ಳೆಯ ಟೈರೇ, ಆದರೆ ಅದರ ದಪ್ಪ ಪದರ ತಳದಲ್ಲಿದೆ. ಕಲ್ಲು ಪಕ್ಕದಿಂದ ಕೊಯ್ದರೆ ಆ ಪದರದಿಂದ ಉಪಯೋಗವಿಲ್ಲ.

ಇನ್ನೊಂದು ವಿಷಯ. ಪಂಕ್ಚರ್ ಹಾಕಿಸಿದ ಹಳೆಯ ಟ್ಯೂಬ್‌ಗಳಿದ್ದರೆ ತೂತು ಎಲ್ಲೆಲ್ಲಿ ಆಗಿದೆ ಎಂದು ನೋಡಿ ತಿಳಿಸಿ. ಟೈರಿನ ಕಡೆಗೋ, ರಿಮ್ಮಿನ ಕಡೆಗೋ?

ನಾಮದಚಿಲುಮೆ (ತುಮಕೂರು)

ಹಳೇಪಂಪು ಅವರೇ, ನಿನ್ನೆ ರಾತ್ರಿ ಎರಡು ಗಂಟೆ ಇದರಲ್ಲೇ ಕುಳಿತಿದ್ದೆ. ಟ್ಯೂಬ್‌ಗಳಿಗೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿ ಪ್ಯಾಚ್‌ಗಳನ್ನೆಲ್ಲ ಎಣಿಸಿದೆ. ಹನ್ನೊಂದರಲ್ಲಿ ಐದು ತೂತು ರಿಮ್ಮಿನ ಕಡೆಗಿವೆ! ಎರಡು ಕಡೆ ಹಾವು ಕಚ್ಚಿದಂತೆ ಜೋಡಿ ತೂತು. ಉಳಿದ ನಾಲ್ಕು ಟೈರಿನ ಕಡೆಯವು. ಬೆಳಕಿಗೆ ಹಿಡಿದಾಗ ಹಿಂದಿನ ಟೈರಿನ ಒಳಗೆ ಇನ್ನೂ ಮೂರು ಮುಳ್ಳಿನ ಮೊನೆಗಳು ಕುಳಿತಿದ್ದವು. ಇಕ್ಕಳದಿಂದ ಕಿತ್ತೆ. ಸೈಡ್‌ವಾಲ್‌ನಲ್ಲಿ ಒಂದೇ ಒಂದು ಸಣ್ಣ ಸೀಳು, ಹಿಂದಿನ ಟೈರಿನ ಎಡಕ್ಕೆ. ಮುಂದಿನ ಟೈರಿನ ಬಟನ್‌ಗಳು ಮುಕ್ಕಾಲು ಭಾಗ ಉಳಿದಿವೆ.

ಹಳೇಪಂಪು (ಮೈಸೂರು)

ನೋಡಿದಿರಾ, ಹನ್ನೊಂದು ಪಂಕ್ಚರ್‌ಗಳಲ್ಲಿ ಐದಕ್ಕೆ ಟೈರ್ ಹೊಣೆಯೇ ಅಲ್ಲ. ರಿಮ್ಮಿನ ಒಳಗೆ ಕಡ್ಡಿಗಳ ತೂತುಗಳನ್ನು ಮುಚ್ಚುವ ಪಟ್ಟಿ ಇರುತ್ತದಲ್ಲ, ಅದು ಜರುಗಿದೆ ಅಥವಾ ಹರಿದಿದೆ. ಟ್ಯೂಬ್ ಆ ತೂತಿನೊಳಗೆ ಉಬ್ಬಿ ಅಂಚಿಗೆ ಉಜ್ಜಿ ಹರಿಯುತ್ತಿದೆ. ಪ್ರಪಂಚದ ಅತಿ ದುಬಾರಿ ಟೈರ್ ಹಾಕಿದರೂ ಇದು ನಿಲ್ಲುವುದಿಲ್ಲ. ಅಗಲ ಸರಿಹೊಂದುವ ಬಟ್ಟೆಯ ರಿಮ್ ಟೇಪ್ ತಂದು, ಎರಡು ಚಕ್ರಕ್ಕೂ ಬಿಗಿಯಾಗಿ ಸುತ್ತಿ.

ಜೋಡಿ ತೂತು ಗಾಳಿ ಕಡಿಮೆ ಇದ್ದುದರ ಗುರುತು. ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡಿದೆ. ನಿಮಗೆ ಟೈರಿನಿಂದ ಬೇಕಾಗಿರುವುದು ಎರಡೇ: ಹಿಂದೆ ನಡುಭಾಗ ಬೇಗ ಸವೆಯಬಾರದು, ಮುಳ್ಳು ಒಳಗೆ ಬರಬಾರದು.

ಟೈರಿನಲ್ಲೇ ಉಳಿದುಬಿಡುವ ಮುಳ್ಳಿನ ವಿಷಯಕ್ಕೆ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಟೈರ್ ಹಾಕುವಾಗ ಅದರ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಪಂಕ್ಚರ್ ಆದಾಗ ಟ್ಯೂಬ್‌ನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರವೋ ಟೈರಿನಲ್ಲಿ ಮುಳ್ಳು ಹೆಸರಿನಿಂದ ಅಷ್ಟೇ ದೂರದಲ್ಲಿರುತ್ತದೆ. ಹುಡುಕಿ ತೆಗೆಯದೆ ಪ್ಯಾಚ್ ಹಾಕಿ ಹೊರಟರೆ ಅದೇ ಮುಳ್ಳು ನಾಳೆ ಮತ್ತೆ ಚುಚ್ಚುತ್ತದೆ. ನಿಮ್ಮ ನಾಲ್ಕರಲ್ಲಿ ಎರಡಾದರೂ ಹಾಗೆ ಆಗಿರಬೇಕು.

ನೆಗ್ಗಿಲು_ದೂರ (ಬಾಯ್ಸಿ, ಅಮೆರಿಕ)

ಮುಳ್ಳಿನ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ಚಿತ್ರದುರ್ಗ ಜಿಲ್ಲೆಯವಳು, ಈಗ ಐಡಹೋ ರಾಜ್ಯದ ಬಾಯ್ಸಿ ನಗರದಲ್ಲಿದ್ದೇನೆ. ಇಲ್ಲಿ ಸೈಕಲ್ ಸವಾರರ ದೊಡ್ಡ ಶತ್ರು ಗೋಟ್‌ಹೆಡ್ ಎಂಬ ಮುಳ್ಳು. ಬಂದ ಹೊಸದರಲ್ಲಿ ಒಂದನ್ನು ಟೈರಿನಿಂದ ಕಿತ್ತು ನೋಡಿದೆ. ನಮ್ಮ ಹೊಲದ ಬದುವಿನ ನೆಗ್ಗಿಲು! ಬರಿಗಾಲಿನಲ್ಲಿ ಓಡಾಡಿ ಎಷ್ಟು ಸಲ ಚುಚ್ಚಿಸಿಕೊಂಡಿದ್ದೇನೋ, ನೋಡಿದ ತಕ್ಷಣ ಗುರುತು ಸಿಕ್ಕಿತು. ಸಸ್ಯಶಾಸ್ತ್ರದಲ್ಲಿಯೂ ಒಂದೇ ಹೆಸರು, ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಈ ಮುಳ್ಳಿನ ಹೆಸರಿನಲ್ಲಿ ಇಲ್ಲಿ ಸೈಕಲ್ ಹಬ್ಬವನ್ನೇ ಮಾಡುತ್ತಾರೆ. ಹಬ್ಬಕ್ಕೆ ಮುಂಚೆ ಜನ ಗಿಡಗಳನ್ನು ಚೀಲಗಟ್ಟಲೆ ಕಿತ್ತು ತಂದು ಒಪ್ಪಿಸುತ್ತಾರೆ.

ಇದರ ಕಾಯಿ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಆದರೆ ಮೊನೆ ಉದ್ದವಿಲ್ಲ. ಆದ್ದರಿಂದ ತಳದಲ್ಲಿ ಮೂರು ಮಿಲಿಮೀಟರ್ ರಕ್ಷಣಾ ಪದರ, ಅದರ ಮೇಲೆ ಒತ್ತಾಗಿ ಜೋಡಿಸಿದ ರಬ್ಬರ್ ಇರುವ ಟೈರ್ ಸಾಮಾನ್ಯವಾಗಿ ತಡೆಯುತ್ತದೆ. ಬಟನ್‌ಗಳ ನಡುವೆ ಅಗಲವಾದ ಬಯಲು ಇದ್ದರೆ ಮುಳ್ಳು ನೇರವಾಗಿ ಆ ತೆಳುವಾದ ಜಾಗಕ್ಕೇ ಹೋಗಿ ಕೂರುತ್ತದೆ. ಬಟನ್ ಎಷ್ಟು ಎತ್ತರವೆಂದು ನೋಡಿ ಮೋಸಹೋಗಬೇಡಿ. ಎರಡು ಬಟನ್‌ಗಳ ನಡುವೆ ರಬ್ಬರ್ ಎಷ್ಟಿದೆ ಎಂದು ಬೆರಳಿನಿಂದ ಒತ್ತಿ ನೋಡಿ.

ಬಳ್ಳಾರಿ ಜಾಲಿಯ ಮುಳ್ಳು ಬೇರೆ ಕಥೆ. ಅದು ಉದ್ದ, ಗಟ್ಟಿ. ಒಣಗಿದ ಕೊಂಬೆಯ ಮೇಲೆ ಹತ್ತಿದರೆ ಬಹುತೇಕ ಟೈರ್‌ಗಳನ್ನು ದಾಟುತ್ತದೆ. ಊರಿಗೆ ಬಂದಾಗಲೆಲ್ಲ ಬೇಲಿ ಕಡಿದು ಹಾಕಿರುವ ಕಡೆ ಸೈಕಲ್ ಹೊತ್ತುಕೊಂಡೇ ದಾಟುತ್ತೇನೆ.

ತುರಹಳ್ಳಿ_ತಿರುವು (ಬೆಂಗಳೂರು)

ನನ್ನ ಮೊದಲ ಸಲಹೆ ಹಿಂದೆಗೆದುಕೊಳ್ಳುತ್ತೇನೆ. ಈ ವಿವರ ನೋಡಿದ ಮೇಲೆ ಹೇಳುವುದಾದರೆ, ಹಿಂದಕ್ಕೆ ನಡುವಿನಲ್ಲಿ ಬಟನ್‌ಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇರುವ, ಪಕ್ಕದಲ್ಲಿ ಮಾತ್ರ ಬಿಡಿಬಿಡಿಯಾಗಿರುವ ಟೈರ್ ಹಾಕಿ. ನೇರ ಹೋಗುವಾಗ ಡಾಂಬರನ್ನು ಮುಟ್ಟುವುದು ನಡುವಿನ ಪಟ್ಟಿ. ಮಣ್ಣಿನಲ್ಲಿ ತಿರುಗುವಾಗ ಪಕ್ಕದ ಬಟನ್‌ಗಳು ಕಚ್ಚುತ್ತವೆ. ಶ್ವಾಲ್ಬೆ ಸ್ಮಾರ್ಟ್ ಸ್ಯಾಮ್ ಈ ಜಾತಿಯದು. ಅದರಲ್ಲೇ ಪ್ಲಸ್ ಎಂಬ ಮಾದರಿಗೆ ಮೂರು ಮಿಲಿಮೀಟರ್ ಪದರವೂ ಉಂಟು. ಕಾಂಟಿನೆಂಟಲ್ ಡಬಲ್ ಫೈಟರ್ ಇನ್ನೂ ಹೆಚ್ಚು ಡಾಂಬರಿನ ಕಡೆಗೆ ವಾಲಿದೆ, ನಡು ಬಹುತೇಕ ನುಣುಪು. ಮ್ಯಾಕ್ಸಿಸ್ ಕ್ರಾಸ್‌ಮಾರ್ಕ್‌ನಲ್ಲಿ ನಡುವೆ ಉದ್ದಕ್ಕೂ ಏಣು ಸಾಗುತ್ತದೆ.

ಎತ್ತರದ ಬಟನ್ ಡಾಂಬರಿನ ಮೇಲೆ ಎರಡು ರೀತಿಯಲ್ಲಿ ನಷ್ಟ. ಪ್ರತಿ ಬಟನ್ ನೆಲ ಮುಟ್ಟುವಾಗ ಬಾಗಿ, ಬಿಡುವಾಗ ನೆಟ್ಟಗಾಗುತ್ತದೆ. ಆ ಬಾಗಿ ಏಳುವ ಕೆಲಸಕ್ಕೆ ನಿಮ್ಮ ಕಾಲಿನ ಶಕ್ತಿಯೇ ಖರ್ಚು. ಬಾಗುವಾಗ ಅಂಚು ಉಜ್ಜಿ ಸವೆಯುವುದೂ ಅದೇ ಕಾರಣಕ್ಕೆ. ರಸ್ತೆಯಲ್ಲಿ ಕೇಳುವ ಗುಂಯ್ ಎನ್ನುವ ಸದ್ದು ಅದರದೇ.

ಘಟ್ಟದಮಳೆ (ಶಿರಸಿ)

ಇಷ್ಟು ಹೊತ್ತು ಎಲ್ಲರೂ ಬಾಳಿಕೆಯನ್ನೇ ಹೇಳುತ್ತಿದ್ದೀರಿ. ನನಗೆ ಆತಂಕವಾಗುತ್ತಿದೆ. ಬಾಳಿಕೆ ಬರುವ ಟೈರ್ ಎಂದರೆ ಬಹುಪಾಲು ಗಟ್ಟಿ ರಬ್ಬರ್. ರಬ್ಬರಿನ ಗಡಸುತನವನ್ನು ಶೋರ್ ಎ ಎಂಬ ಅಳತೆಯಲ್ಲಿ ಹೇಳುತ್ತಾರೆ. 50ರ ಆಸುಪಾಸು ಮೆತ್ತಗೆ, 60ರ ಮೇಲೆ ಗಡಸು. ಎರಡು ಮಳೆಗಾಲದ ಹಿಂದೆ ಹೆಚ್ಚು ದಿನ ಬರಲೆಂದು ಎರಡು ಚಕ್ರಕ್ಕೂ ಗಡಸು ಟೈರ್ ಹಾಕಿಸಿದೆ. ನಮ್ಮ ಕಡೆಯ ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ಕಟ್ಟಿದ ಒಂದು ಇಳಿಜಾರಿನಲ್ಲಿ ಮುಂದಿನ ಚಕ್ರ ಪಕ್ಕಕ್ಕೆ ಜಾರಿತು. ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್. ಟೈರ್ ಇನ್ನೂ ಹೊಸದರಂತೆಯೇ ಇತ್ತು.

ಹಿಂದಿನ ಚಕ್ರ ಜಾರಿದರೆ ಕಾಲು ಊರಿ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಆ ಸಮಯವೂ ಸಿಗುವುದಿಲ್ಲ. ದಯವಿಟ್ಟು ಮುಂದಿನ ಟೈರಿನಲ್ಲಿ ಬಾಳಿಕೆ ಹುಡುಕಬೇಡಿ.

ಹಳೇಪಂಪು (ಮೈಸೂರು)

ಘಟ್ಟದಮಳೆ ಅವರ ಮಾತು ನೂರಕ್ಕೆ ನೂರು ನಿಜ, ನಾನೇ ಮೊದಲು ಹೇಳಬೇಕಿತ್ತು. ಕೈ ಈಗ ಸರಿಯಾಗಿದೆಯೇ ಅಮ್ಮ?

ಅದಕ್ಕೇ ಎರಡು ಚಕ್ರಕ್ಕೆ ಒಂದೇ ಟೈರ್ ಬೇಕೆಂಬ ಹಟ ಬಿಡಬೇಕು. ಸವಾರನ ಭಾರದಲ್ಲಿ ಹೆಚ್ಚು ಪಾಲು, ಸುಮಾರು ಶೇಕಡ 60, ಹಿಂದಿನ ಚಕ್ರದ ಮೇಲಿರುತ್ತದೆ. ಪೆಡಲ್ ತುಳಿದ ಬಲವೂ ಅದರ ಮೂಲಕವೇ ನೆಲಕ್ಕೆ ಹೋಗುತ್ತದೆ. ಹಾಗಾಗಿ ಸವೆಯುವುದು ಅದು. ಹಿಂದೆ ಗಡಸು, ಒತ್ತು ನಡುವಿನ ಟೈರ್. ಮುಂದೆ ಸ್ವಲ್ಪ ಮೆತ್ತನೆಯ, ಬಿಡಿ ಬಟನ್‌ಗಳ, ಸಾಧ್ಯವಾದರೆ ಒಂದು ಗೆರೆ ಅಗಲವಾದ ಟೈರ್.

ನಾಮದಚಿಲುಮೆ ಅವರ ಮುಂದಿನ ಟೈರ್ ಮುಕ್ಕಾಲು ಉಳಿದಿದೆ ಎಂದಿರಿ. ಅದನ್ನು ಹಾಗೆಯೇ ಮುಂದಿಟ್ಟು ಹಿಂದಕ್ಕೆ ಮಾತ್ರ ಹೊಸದು ಕೊಳ್ಳಬಹುದು. ಎಂದಾದರೂ ಮುಂದಿನದನ್ನು ಬದಲಿಸುವ ಹೊತ್ತು ಬಂದಾಗ ಹೊಸದನ್ನು ಮುಂದೆ ಹಾಕಿ. ಸವೆದದ್ದನ್ನು ಮುಂದಕ್ಕೆ ತರುವ ಕೆಲಸ ಎಂದೂ ಬೇಡ.

ಎರೆಹೊಲ (ಗದಗ)

ಒಂದೇ ಮಾತು. ನಡು ಒತ್ತಾಗಿರುವ ಟೈರ್ ಎರೆಮಣ್ಣಿನಲ್ಲಿ ಮಳೆ ಬಿದ್ದ ದಿನ ಕೆಲಸಕ್ಕೆ ಬಾರದು. ನೂರು ಹೆಜ್ಜೆಗೆ ಚಕ್ರ ರೊಟ್ಟಿಯ ಹಿಟ್ಟು ಮೆತ್ತಿದ ಹಾಗೆ ಆಗಿ ಫೋರ್ಕಿಗೆ ಸಿಕ್ಕಿ ನಿಲ್ಲುತ್ತದೆ. ತುಮಕೂರಿನ ಕೆಂಪುಮಣ್ಣಿಗೆ ಈ ತೊಂದರೆ ಇಷ್ಟಿಲ್ಲ, ಆದರೆ ಇದನ್ನು ಓದುವ ನಮ್ಮ ಕಡೆಯವರು ತಿಳಿದಿರಲಿ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದ ಮೇಲೆಯೇ ನಾನು ಹೊಲದ ದಾರಿಗೆ ಇಳಿಯುವುದು.

ಟ್ಯೂಬ್‌ಲೆಸ್ ಬಗ್ಗೆ ಯಾರೂ ಹೇಳಲಿಲ್ಲ. ಜಾಲಿಮುಳ್ಳಿನ ಸೀಮೆಯಲ್ಲಿ ನನ್ನನ್ನು ಕಾಪಾಡಿದ್ದು ಅದೇ. ಒಳಗಿನ ದ್ರವ ಮುಳ್ಳಿನ ತೂತನ್ನು ತಾನೇ ಮುಚ್ಚುತ್ತದೆ, ಟ್ಯೂಬ್ ಇಲ್ಲದ್ದರಿಂದ ಜೋಡಿ ತೂತಿನ ಮಾತೂ ಇಲ್ಲ.

ನಾಮದಚಿಲುಮೆ (ತುಮಕೂರು)

ಎರೆಹೊಲ ಅವರೇ, ನನ್ನ ರಿಮ್ ಟ್ಯೂಬ್‌ಲೆಸ್‌ಗೆ ತಯಾರಾದದ್ದಲ್ಲ ಎಂದು ಅಂಗಡಿಯಲ್ಲಿ ಹೇಳಿದರು. ಟೇಪ್ ಸುತ್ತಿ ಮಾಡಿಕೊಡುತ್ತೇವೆ ಎಂದೂ ಅಂದರು. ಮಾಡಿಸಲೇ?

ಎರೆಹೊಲ (ಗದಗ)

ಬೇಡ. ಹಾಗೆ ಮಾಡಿಸಿಕೊಂಡ ಗೆಳೆಯನ ಟೈರ್ ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಂಡು ಗಾಳಿ ಒಮ್ಮೆಗೇ ಹೋಯಿತು. ರಿಮ್ ಮತ್ತು ಟೈರ್ ಎರಡೂ ಅದಕ್ಕೆಂದೇ ತಯಾರಾಗಿದ್ದರೆ ಮಾತ್ರ ಮಾಡಿಸಿ. ಇನ್ನೂ ಒಂದು: ಬೇಸಿಗೆಯಲ್ಲಿ ಆ ದ್ರವ ಬೇಗ ಒಣಗುತ್ತದೆ. ನಾನು ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸುತ್ತೇನೆ. ಆ ನಿಗಾ ಇಡಲಾಗದವರಿಗೆ ಒಳ್ಳೆಯ ಟ್ಯೂಬೇ ಲೇಸು.

ಹೊಸಚಕ್ರ (ಹಾಸನ)

ನಡುವೆ ಮಾತಾಡುತ್ತಿರುವುದಕ್ಕೆ ಕ್ಷಮಿಸಿ. ನನ್ನದು ಹಳೆಯ 26 ಇಂಚಿನ ಮೌಂಟನ್ ಬೈಕ್. ಅಂಗಡಿಯಲ್ಲಿ 26 ಎಂದು ಕೇಳಿ ತಂದ ಟೈರ್ ರಿಮ್ಮಿನ ಮೇಲೆ ಸಡಿಲವಾಗಿ ಕೂರುತ್ತಿದೆ. ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ. ತಪ್ಪು ಎಲ್ಲಿ ಆಯಿತು?

ಹಳೇಪಂಪು (ಮೈಸೂರು)

ಟೈರಿನ ಮೇಲೆ 26 × 1⅜ ಎಂದು ಇದೆಯೇ ನೋಡಿ. ಅದು ಸಾದಾ ಸೈಕಲ್ಲಿನ ಟೈರ್. 26 ಎಂಬ ಅಂಕಿ ಒಂದೇ ಆದರೂ ಭಿನ್ನರಾಶಿಯಲ್ಲಿ ಬರೆದದ್ದು ಬೇರೆ ಅಳತೆ, ದಶಮಾಂಶದಲ್ಲಿ ಬರೆದದ್ದು ಬೇರೆ ಅಳತೆ. ಇಂಚನ್ನು ನಂಬಬೇಡಿ. ಸೈಡ್‌ವಾಲ್‌ನಲ್ಲಿ ಸಣ್ಣ ಅಕ್ಷರದಲ್ಲಿ 54-559 ಎಂಬಂತೆ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. 26 ಇಂಚಿನ ಮೌಂಟನ್ ಬೈಕಿಗೆ 559. ನೀವು ತಂದದ್ದು 590 ಇರಬೇಕು, 31 ಮಿಲಿಮೀಟರ್ ದೊಡ್ಡದು. 27.5ಕ್ಕೆ 584. 29ಕ್ಕೆ 622, ಹೈಬ್ರಿಡ್ ಸೈಕಲ್‌ಗಳ 700ಸಿ ಕೂಡ ಅದೇ 622. ನಮ್ಮ ಅಪ್ಪಂದಿರ ಕಾಲದ ದೊಡ್ಡ ಸೈಕಲ್ 28 × 1½, ಅದು 635.

ಆ ಸಡಿಲ ಟೈರಿಗೆ ಗಾಳಿ ತುಂಬಿ ಓಡಿಸಲು ಹೋಗಬೇಡಿ, ಖಂಡಿತ ಕಳಚಿಕೊಳ್ಳುತ್ತದೆ. ಅಂಗಡಿಯವರಿಗೆ ಈ ಸಂಖ್ಯೆ ತೋರಿಸಿ ಇನ್ನೊಮ್ಮೆ ಕೇಳಿ ನೋಡಿ. ಬಳಸದ ಟೈರ್, ಬೇರೆ ಯಾರಿಗಾದರೂ ಆಗುತ್ತದೆ.

ನಾಮದಚಿಲುಮೆ (ತುಮಕೂರು)

ಹಿಂದಕ್ಕೆ ಸ್ಮಾರ್ಟ್ ಸ್ಯಾಮ್ 54-584 ತೆಗೆದುಕೊಂಡೆ. ಪ್ಲಸ್ ಮಾದರಿ ನನ್ನ ಅಳತೆಗೆ ಇಲ್ಲಿ ಸಿಗಲಿಲ್ಲ, ಸಾಮಾನ್ಯ ರಕ್ಷಣಾ ಪದರದ್ದು ಸಿಕ್ಕಿತು. ಅಂಚಿನೊಳಗೆ ತಂತಿ ಇರುವ, ಮಡಿಚಲಾಗದ ಟೈರನ್ನೇ ಕೊಂಡೆ, ಮಡಿಚುವ ಟೈರಿಗೆ ಬೆಲೆ ಹೆಚ್ಚು. ಮುಂದಿನದು ಹಳೆಯದೇ ಇದೆ. ಎರಡಕ್ಕೂ ಬಟ್ಟೆಯ ರಿಮ್ ಟೇಪ್ ಹಾಕಿದೆ. ಉಳಿದ ಹಣದಲ್ಲಿ ಗಾಳಿಯ ಅಳತೆ ತೋರಿಸುವ ಪಂಪು ಬಂದಿದೆ. ನನ್ನ ತೂಕ 72 ಕಿಲೋ. ಎಷ್ಟು ಗಾಳಿ ಹಾಕಲಿ?

ಹಳೇಪಂಪು (ಮೈಸೂರು)

ಪಂಪು ಕೊಂಡದ್ದು ಟೈರ್ ಕೊಂಡಷ್ಟೇ ಒಳ್ಳೆಯ ಕೆಲಸ. ವಾರದ ದಿನಗಳಲ್ಲಿ ಹಿಂದೆ 42 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮುಂದೆ 36ರಿಂದ ಆರಂಭಿಸಿ. ಭಾನುವಾರ ಮಣ್ಣಿಗೆ ಇಳಿಯುವ ಮುನ್ನ ಹಿಂದೆ 32, ಮುಂದೆ 28ಕ್ಕೆ ಇಳಿಸಿ. ಮರಳಿ ಡಾಂಬರಿಗೆ ಬಂದಾಗ ಮತ್ತೆ ತುಂಬಿಸಲು ಬೇಸರಪಡಬೇಡಿ. ಇಳಿಸಿದ ಗಾಳಿಯಲ್ಲೇ ವಾರವಿಡೀ ಓಡಿಸುವುದರಿಂದ ಸೈಡ್‌ವಾಲ್ ಮಡಿಚಿ ಮಡಿಚಿ ಬಿರಿಯುತ್ತದೆ. ಇವು ಆರಂಭದ ಅಂಕಿಗಳಷ್ಟೇ. ಗುಂಡಿಗೆ ಬಿದ್ದಾಗ ರಿಮ್ ಟಣ್ ಎಂದರೆ ಎರಡು ಹೆಚ್ಚಿಸಿ, ಕಲ್ಲಿನ ಮೇಲೆ ಪುಟಿದರೆ ಎರಡು ಇಳಿಸಿ. ಟೈರಿನ ಮೇಲೆ ಬರೆದಿರುವ ಗರಿಷ್ಠವನ್ನು ಮಾತ್ರ ಮೀರಬೇಡಿ.

ಸೈಕಲ್ಲನ್ನು ನೆರಳಿನಲ್ಲಿ ನಿಲ್ಲಿಸಿ. ಹಳೆಯ ಹಿಂದಿನ ಟೈರಿನ ಸೈಡ್‌ವಾಲ್‌ನಿಂದ ಅಂಗೈ ಅರ್ಧದಷ್ಟು ತುಂಡು ಕತ್ತರಿಸಿ ಚೀಲದಲ್ಲಿಟ್ಟುಕೊಳ್ಳಿ. ಕಾಡಿನಲ್ಲಿ ಟೈರ್ ಸೀಳಿದರೆ ಒಳಗಿನಿಂದ ಅದನ್ನು ಒತ್ತಿಟ್ಟು ಗಾಳಿ ತುಂಬಿಸಿ ಮನೆ ಸೇರಬಹುದು.

ಘಟ್ಟದಮಳೆ (ಶಿರಸಿ)

ಕೈ ಸರಿಯಾಗಿದೆ ಸಾರ್, ಕೇಳಿದ್ದಕ್ಕೆ ಸಂತೋಷ. ನಾಮದಚಿಲುಮೆ ಅವರೇ, ಹೊಸ ಟೈರಿನ ಮೇಲೆ ಮೊದಲ ದಿನ ಮೆತ್ತಗೆ ತಿರುಗಿ. ಅಚ್ಚಿನಿಂದ ಬಂದ ನುಣುಪು ಹೋಗಬೇಕು.

ನಾಮದಚಿಲುಮೆ (ತುಮಕೂರು), ಐದು ತಿಂಗಳ ನಂತರ

ಇಷ್ಟು ಕಳಕಳಿಯಿಂದ ಹೇಳಿದ ನಿಮಗೆಲ್ಲ ಲೆಕ್ಕ ಒಪ್ಪಿಸಬೇಕು ಎನಿಸಿತು. ಇಲ್ಲಿಯವರೆಗೆ 3,100 ಕಿಲೋಮೀಟರ್ ಆಗಿದೆ. ಪಂಕ್ಚರ್ ಎರಡೇ. ಒಂದು ಜಾಲಿಮುಳ್ಳು, ಇನ್ನೊಂದು ರಸ್ತೆಯಲ್ಲಿ ಬಿದ್ದಿದ್ದ ಸಣ್ಣ ತಂತಿ, ಲಾರಿ ಟೈರ್ ಸಿಡಿದಾಗ ಉದುರುವಂಥದ್ದು. ಎರಡೂ ಸಲ ಹೆಸರಿನಿಂದ ಅಳೆದು ಒಂದು ನಿಮಿಷದಲ್ಲಿ ಹುಡುಕಿದೆ. ರಿಮ್ಮಿನ ಕಡೆ ಒಂದೂ ಇಲ್ಲ. ನಡುವಿನ ಪಟ್ಟಿ ಸ್ವಲ್ಪ ತಗ್ಗಿದೆ, ಬೋಳಾಗಿಲ್ಲ. ಡಾಂಬರಿನಲ್ಲಿ ಆ ಗುಂಯ್ ಸದ್ದು ಕಡಿಮೆಯಾಗಿದೆ, ಸಂಜೆ ಮನೆಗೆ ಬಂದಾಗ ಕಾಲು ಅಷ್ಟು ಸೋತಿರುವುದಿಲ್ಲ.

ದುರ್ಗದ ಕಡೆಯ ಕಡಿದಾದ ಏರಿನಲ್ಲಿ ಸಡಿಲ ಕಲ್ಲುಪುಡಿಯ ಮೇಲೆ ಹಿಂದಿನ ಚಕ್ರ ಮೊದಲಿಗಿಂತ ಬೇಗ ಹಿಡಿತ ಬಿಡುತ್ತದೆ, ಇದನ್ನು ಮುಚ್ಚಿಡಬಾರದು. ಸೀಟಿನ ಮೇಲೆಯೇ ಕುಳಿತು ಭಾರ ಹಿಂದಕ್ಕೆ ಕೊಟ್ಟು ತುಳಿದರೆ ಹತ್ತುತ್ತದೆ. ಎರಡು ಕಡೆ ಮಾತ್ರ ಇಳಿದು ತಳ್ಳುತ್ತೇನೆ.

ಕಳೆದ ಭಾನುವಾರ ಮನೆಗೆ ಬಂದು ತೊಳೆಯುವಾಗ ಹಿಂದಿನ ಟೈರಿನಿಂದ ಏಳು ನೆಗ್ಗಿಲು ಕಿತ್ತೆ. ಮುಂದಿನ ಬೆಳಗ್ಗೆ ಅಳತೆ ನೋಡಿದರೆ ಗಾಳಿ ಒಂದು ಗೆರೆಯೂ ಇಳಿದಿರಲಿಲ್ಲ.

ನೆಗ್ಗಿಲು_ದೂರ (ಬಾಯ್ಸಿ, ಅಮೆರಿಕ)

ಕಿತ್ತ ಏಳನ್ನೂ ಅಂಗಳದಲ್ಲಿ ಬಿಸಾಡಿಲ್ಲವಷ್ಟೆ? ಒಂದೊಂದು ಕಾಯಿಯೊಳಗೂ ಬೀಜಗಳಿರುತ್ತವೆ. ಒಲೆಗೆ ಹಾಕಿ.